ವೀಸಾ 2033ರವರೆಗೆ ಇದೆಯಲ್ಲ, ಈಗಲೇ ಯಾಕೆ ಹೊರಡಬೇಕು?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನಾನು, ನನ್ನ ಹೆಂಡತಿ ಏಪ್ರಿಲ್‌ನಲ್ಲಿ ಅಮೆರಿಕದ ಡಲ್ಲಾಸ್‌ಗೆ ಬಂದೆವು. ಪ್ರವಾಸಿ ವೀಸಾ 2033ರವರೆಗೆ ಇದೆ. ಐ-94 ಎಂಬ ದಾಖಲೆಯಲ್ಲಿ ಮಾತ್ರ ಅಕ್ಟೋಬರ್ 14 ಎಂದಿದೆ. ದೀಪಾವಳಿ ಮುಗಿಸಿಕೊಂಡೇ ಹೋಗಿ ಅಂತ ಮಗಳ ಹಟ. ನವೆಂಬರ್ 15ಕ್ಕೆ ಟಿಕೆಟ್ ಕೂಡ ಆಗಿದೆ. "ಹೊರಡುವಾಗ ಇಲ್ಲಿ ಯಾರೂ ಸೀಲ್ ಹೊಡೆಯಲ್ಲ ಮಾವ, ಏನೂ ಆಗಲ್ಲ" ಅನ್ನುತ್ತಾನೆ ಅಳಿಯ. ಒಂದು ತಿಂಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?
– ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಉತ್ತರ: ಕೆಡಿಸಿಕೊಳ್ಳಬೇಕು ಮೇಷ್ಟ್ರೇ. ಸದ್ಯ, ಅಕ್ಟೋಬರ್ ಬರುವ ಮೊದಲೇ ಕೇಳಿದಿರಿ.

ಹತ್ತು ವರ್ಷದ ವೀಸಾ ಅಂದರೆ ಹತ್ತು ವರ್ಷ ಅವರ ಬಾಗಿಲು ತಟ್ಟಬಹುದು ಅಂತ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಬಾಗಿಲಲ್ಲಿ ನಿಂತ ಅಧಿಕಾರಿ ಹೇಳುತ್ತಾರೆ. ಆ ತಾರೀಕೇ ಐ-94ರಲ್ಲಿ ಇರುವುದು. ಅದನ್ನು ಒಂದು ದಿನ ಮೀರಿದರೂ ನಿಮ್ಮ 2033ರ ವೀಸಾ ತಾನಾಗಿಯೇ ರದ್ದು. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ಚೀಟಿ ಹಾಗೇ ಹೊಳೆಯುತ್ತಾ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಅಳಿಯ ಹೇಳಿದ್ದು ಅರ್ಧ ನಿಜ. ಬೆಂಗಳೂರಿನ ಹಾಗೆ ಅಲ್ಲಿ ಹೊರಡುವಾಗ ಇಮಿಗ್ರೇಷನ್ ಕೌಂಟರ್ ಇಲ್ಲ. ಆದರೆ ನೀವು ವಿಮಾನ ಹತ್ತಿದ ವಿವರವನ್ನು ಏರ್‌ಲೈನ್‌ನವರೇ ಸರ್ಕಾರಕ್ಕೆ ಕಳಿಸುತ್ತಾರೆ. ಸೀಲ್ ಇಲ್ಲ, ಲೆಕ್ಕ ಇದೆ.

ನಮ್ಮ ಬೀದಿಯ ಒಬ್ಬರು 19 ದಿನ ಜಾಸ್ತಿ ಇದ್ದು ಬಂದರು. ಯಾರೂ ಏನೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಎರಡನೇ ಮೊಮ್ಮಗುವಿಗೆ ಅಂತ ಮತ್ತೆ ಹೊರಟರು. ಅಂಟಿನುಂಡೆ ಕಟ್ಟಲು ನಾನೇ ಜೊತೆ ಕೂತಿದ್ದೆ. ಬ್ಯಾಗಿನಲ್ಲಿ ಮೆಂತ್ಯದ ಹಿಟ್ಟು, ಹತ್ತಿ ಬಟ್ಟೆಯ ನಾಲ್ಕು ಕುಲಾವಿ. ಅಲ್ಲಿ ಇಳಿದ ಮೇಲೆ ಒಂದು ಕೋಣೆಯಲ್ಲಿ ಕೂರಿಸಿ, ಹಳೇ ತಾರೀಕು ತೋರಿಸಿ, ಮುಂದಿನ ವಿಮಾನಕ್ಕೇ ವಾಪಸ್ ಹತ್ತಿಸಿದರು. ಮಗ ಹೊರಗೆ ಕಾರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಆ ಉಂಡೆ ಕೊನೆಗೆ ನಮ್ಮ ಬೀದಿಯಲ್ಲೇ ಹಂಚಿ ಹೋಯಿತು.

180 ದಿನಕ್ಕಿಂತ ಜಾಸ್ತಿ ಮೀರಿ ಹೊರಟರೆ ಮೂರು ವರ್ಷ ಆ ಕಡೆ ಕಾಲಿಡುವಂತಿಲ್ಲ. ಒಂದು ವರ್ಷ ದಾಟಿತೋ, ಹತ್ತು ವರ್ಷ. ನಿಮ್ಮದು ಒಂದು ತಿಂಗಳು, ಅಷ್ಟು ದೂರ ಹೋಗುವುದಿಲ್ಲ. ಆದರೆ ವೀಸಾ ಹೋಗುತ್ತದೆ. ಹೊಸದಕ್ಕೆ ಭಾರತದಿಂದಲೇ ಅರ್ಜಿ ಹಾಕಬೇಕು. "ಹಿಂದೆ ಅವಧಿ ಮೀರಿದ್ದೀರಾ?" ಅಂತ ಅರ್ಜಿಯಲ್ಲೇ ಕೇಳುತ್ತಾರೆ, ಸುಳ್ಳು ಬರೆಯುವ ಹಾಗಿಲ್ಲ.

ಇನ್ನಷ್ಟು ದಿನ ಇರಲು ನ್ಯಾಯವಾದ ದಾರಿಯೂ ಇದೆ. ಐ-539 ಅಂತ ಒಂದು ಅರ್ಜಿ, ಯುಎಸ್‌ಸಿಐಎಸ್ ಅನ್ನುವ ಅಲ್ಲಿನ ವಲಸೆ ಇಲಾಖೆಗೆ ಹಾಕುವುದು. ಐ-94 ಮುಗಿಯುವ ಮೊದಲೇ ಹಾಕಬೇಕು, 45 ದಿನ ಮುಂಚೆ ಹಾಕಿ ಅಂತ ಅವರೇ ಹೇಳುತ್ತಾರೆ. ಸಮಯಕ್ಕೆ ಸರಿಯಾಗಿ ಹಾಕಿದ್ದರೆ, ಉತ್ತರ ಬರುವವರೆಗೆ ಆ 180 ದಿನದ ಲೆಕ್ಕ ಓಡುವುದಿಲ್ಲ. ರಸೀದಿ ಜೋಪಾನ. ಇಲಾಖೆಯವರು ಆಗಲ್ಲ ಅಂದರೆ ಅವತ್ತೇ ಗಂಟು ಕಟ್ಟಬೇಕು. ಮಗಳಿಗೆ ಸಿಸೇರಿಯನ್ ಗಾಯ ಮಾಗಿಲ್ಲ, ನಿಮ್ಮವರಿಗೆ ಡಾಕ್ಟರ್ ಪ್ರಯಾಣ ಬೇಡ ಅಂದಿದ್ದಾರೆ ಅಂದರೆ ಧಾರಾಳವಾಗಿ ಹಾಕಿ, ಡಾಕ್ಟರ್ ಪತ್ರ ಲಗತ್ತಿಸಿ. ಸುಮ್ನೆ ಹೂರಣದ ಹೋಳಿಗೆಗೋಸ್ಕರ ಆದರೆ ನಾನಾದರೆ ಹಾಕುವುದಿಲ್ಲ. ಶುಲ್ಕವೇ 400 ಡಾಲರ್ ಮೇಲೆ.

ಟಿಕೆಟ್ ಹಿಂದಕ್ಕೆ ಹಾಕಿಸಿ. ದಂಡ ಎಷ್ಟಾದರೂ ಆಗಲಿ. 14ಕ್ಕೇ ಬೇಡ, 10ರ ಆಸುಪಾಸಿಗೆ ನೋಡಿ. ವಿಮಾನ ರದ್ದಾದರೆ ಪಾಡೇನು?

ಇನ್ನೊಂದು ಮಾತು. ಅಕ್ಟೋಬರ್ 14 ಅಂದಿರಲ್ಲ, ಅದು ನಿಮ್ಮದೋ ಇಬ್ಬರದೋ? ಗಂಡ ಹೆಂಡತಿಗೆ ಬೇರೆ ಬೇರೆ ಐ-94. ಒಬ್ಬರ ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಅವರಿಗೆ ಅಲ್ಲಿಯವರೆಗೆ ಮಾತ್ರ ಬರೆದಿರಬಹುದು. ಸಿಬಿಪಿ, ಅಂದರೆ ಅಲ್ಲಿನ ಗಡಿ ಕಾಯುವ ಇಲಾಖೆಯ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದರೆ ಸಿಗುತ್ತದೆ. ಇವತ್ತು ರಾತ್ರಿಯೇ ಅಳಿಯನ ಕೈಲಿ ಎರಡನ್ನೂ ಪ್ರಿಂಟ್ ತೆಗೆಸಿ. ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಹೋದಾಗಲೆಲ್ಲ ನಾನು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತಿದ್ದೆ, ಕಸದ ಗಾಡಿ ಬರುವ ದಿನದ ಪಟ್ಟಿ ಪಕ್ಕದಲ್ಲಿ.