ದಾನದ ದುಡ್ಡಿನ ಲೆಕ್ಕಕ್ಕೂ ಪಿಎಚ್‌ಡಿ

ಪ್ರಶ್ನೆ: ಎಂ.ಕಾಂ. ಮುಗಿಸಿದ್ದೇನೆ ಸರ್. ಸೇವಾ ಸಂಸ್ಥೆಗಳ ಹಣಕಾಸಿನ ಬಗ್ಗೆ ಪಿಎಚ್‌ಡಿ ಮಾಡುವ ಆಸೆ. 'ದಾನದ ದುಡ್ಡಿನಲ್ಲಿ ಸಂಶೋಧನೆ ಮಾಡಲು ಏನಿದೆ?' ಅಂತ ಮಾವ ನಗುತ್ತಾರೆ.
– ಓದುಗಿ, ಸುರತ್ಕಲ್

ಉತ್ತರ: ನನ್ನಮ್ಮನೂ ಹಾಗೇ ಕೇಳಿದ್ದರು. 1906ರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ ಊರಲ್ವಾ ನಮ್ಮ ಮಂಗಳೂರು, ಬ್ಯಾಂಕ್ ಪರೀಕ್ಷೆ ಬರೆಯದೆ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಿದವನು ದಡ್ಡನೇ!

ಸಂಶೋಧನೆಗೆ ಏನಿದೆ ಅಂದರೆ, ಒಂದೇ ಉದಾಹರಣೆ ಸಾಕು. ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿಗೆ ಮೊದಲು ಶೇ. 50ರವರೆಗೆ ಬಳಸಬಹುದಿತ್ತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಲೆಕ್ಕ ಬರೆಯುವ ಖರ್ಚೂ ಆಡಳಿತದ ಖರ್ಚೇ. ಹಾಗಾದರೆ ಸಣ್ಣ ಸಂಸ್ಥೆ ಯಾರನ್ನು ಬಿಡುತ್ತದೆ? ಗುಮಾಸ್ತನನ್ನೇ. ಆಮೇಲೆ ಲೆಕ್ಕ ಸರಿಯಿಲ್ಲ ಅಂತ ಬೈಸಿಕೊಳ್ಳುತ್ತದೆ! ಕಾನೂನು, ಕಚೇರಿ, ದುಡ್ಡು ಮೂರೂ ಸೇರುವ ಜಾಗ ಇದು.

ಉಡುಪಿ ಕಡೆಯ ಒಂದು ಮಹಿಳಾ ಮಂಡಳಿ ಬಿಸ್ಕತ್ ಡಬ್ಬಿಯಲ್ಲಿ ರಸೀದಿ ಇಟ್ಟಿತ್ತು. ಅಲ್ಲಿ ನಾಲ್ಕು ದಿನ ಕೂತು ನಾನು ಕಲಿತದ್ದು ತರಗತಿಗಿಂತ ಜಾಸ್ತಿ.

ನೀವು ಮೊದಲು ಎನ್‌ಇಟಿ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಿರಿ. 2024ರಿಂದ ಅದರ ಅಂಕ ಪಿಎಚ್‌ಡಿ ಪ್ರವೇಶಕ್ಕೂ ಆಗುತ್ತದೆ. ಮಾವನಿಗೆ ಉತ್ತರ ಆಮೇಲೆ ಕೊಡಿ.