ಕಡಿಮೆ ಓಮ್‌ನ ಇಂಜೆಕ್ಟರ್‌ಗಳಿಗೆ ಒಂದೇ ರೆಸಿಸ್ಟರ್ ಸಾಕೇ?

ನಮಸ್ಕಾರ. ಎಂಜಿನ್ನಿಗೆ ಇಂಧನ ಸಿಂಪಡಿಸುವ, 2.4 ಓಮ್ ವಿದ್ಯುತ್ ರೋಧದ ನಾಲ್ಕು ಇಂಜೆಕ್ಟರ್‌ಗಳಿಗೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಬಹುದೇ, ಅದನ್ನು ಯಾವ ವೈರಿಗೆ ಜೋಡಿಸಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಒಂದೇ ಹಾಕಬೇಡಿ. ಎರಡು ಇಂಜೆಕ್ಟರ್‌ಗಳು ಏಕಕಾಲಕ್ಕೆ ತೆರೆದಾಗ ಎರಡಕ್ಕೂ ಸಿಗುವ ಕರೆಂಟ್ ಕುಸಿದು, ಇಂಧನದ ಅಳತೆ ಏರುಪೇರಾಗುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ 6.8 ಓಮ್‌ನ ರೆಸಿಸ್ಟರನ್ನು, 12 ವೋಲ್ಟ್ ಬರುವ ವೈರಿಗೂ ಇಂಜೆಕ್ಟರಿಗೂ ನಡುವೆ ಸರಣಿಯಲ್ಲಿ ಜೋಡಿಸಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆಯ ವೈರನ್ನು ಮುಟ್ಟುವ ಅಗತ್ಯವಿಲ್ಲ.

ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟ್‌ನಲ್ಲಿ ನಿಮ್ಮ ಇಂಜೆಕ್ಟರ್, ರೆಸಿಸ್ಟರ್ ಇಲ್ಲದೆ ನೇರವಾಗಿ 5.8 ಆಂಪಿಯರ್ ಎಳೆಯುತ್ತದೆ. 12ರಿಂದ 16 ಓಮ್‌ನ ಇಂಜೆಕ್ಟರ್‌ಗಳಿಗೆಂದು ರೂಪಿಸಿದ ಇಸಿಯುವಿನ ಡ್ರೈವರ್ (ಇಂಜೆಕ್ಟರನ್ನು ತೆರೆದು ಮುಚ್ಚುವ ಸರ್ಕ್ಯೂಟ್) ಅದರಿಂದ ಸುಟ್ಟುಹೋಗಬಹುದು. ರೆಸಿಸ್ಟರ್ ಸೇರಿದರೆ ಕರೆಂಟ್ 1.5 ಆಂಪಿಯರಿಗೆ ಇಳಿಯುತ್ತದೆ. ಆದರೆ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರುವಾಗ ರೆಸಿಸ್ಟರಿನಲ್ಲಿ 15 ವ್ಯಾಟ್‌ನಷ್ಟು ಶಾಖ ಹುಟ್ಟುವುದರಿಂದ, ಅಲ್ಯೂಮಿನಿಯಂ ಕವಚದ 50 ವ್ಯಾಟ್‌ನದನ್ನೇ ಕೊಂಡು, ಲೋಹದ ಫಲಕಕ್ಕೆ ಬಿಗಿದು, ಗಾಳಿ ಆಡುವ ಕಡೆ, ಪ್ಲಾಸ್ಟಿಕ್ ಪೈಪುಗಳಿಂದ ದೂರ ಇರಿಸಿ. 1990ರ ದಶಕದ ಕೆಲವು ಹೋಂಡಾ ಕಾರುಗಳಲ್ಲಿ ಇಂಥ ರೆಸಿಸ್ಟರ್ ಪೆಟ್ಟಿಗೆ ಕಾರ್ಖಾನೆಯಿಂದಲೇ ಬರುತ್ತಿತ್ತು.

ಇಂಜೆಕ್ಟರ್ ತೆರೆಯುವುದು ಈಗ ತುಸು ತಡವಾಗುವುದರಿಂದ, ಇಸಿಯುವಿನಲ್ಲಿ ಡೆಡ್ ಟೈಮನ್ನು (ಸಂಕೇತ ಸಿಕ್ಕಿದ ಮೇಲೆ ಇಂಜೆಕ್ಟರ್ ತೆರೆಯಲು ಹಿಡಿಯುವ ಸಮಯ) ಮರೆಯದೆ ಹೊಸದಾಗಿ ಹೊಂದಿಸಿ. ನಿಮ್ಮ ಇಸಿಯು ಪೀಕ್ ಅಂಡ್ ಹೋಲ್ಡ್ (ತೆರೆಯಲು ಮೊದಲು ಹೆಚ್ಚು ಕರೆಂಟ್ ಕೊಟ್ಟು, ಆಮೇಲೆ ತಾನೇ ತಗ್ಗಿಸುವ) ಡ್ರೈವರಿನದಾದರೆ ಮಾತ್ರ ರೆಸಿಸ್ಟರೇ ಬೇಡ.