ಬ್ರೆಕ್ಸಿಟ್ ಮತದಾನದ ನಂತರ, ಕನ್ಸರ್ವೇಟಿವ್ ಪಕ್ಷದ ಸದಸ್ಯರು ವೋಟೇ ಹಾಕದೆ ಥೆರೆಸಾ ಮೇ ಪ್ರಧಾನಿ ಆಗಿದ್ದು ಹೇಗೆ?

ಕೊನೆಯ ಎದುರಾಳಿ ತಾವಾಗಿಯೇ ಹಿಂದೆ ಸರಿದರು, ಅಷ್ಟೇ. 2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಡೋಣ ಎಂದರು. ಮರುದಿನವೇ ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು. ಮುಂದಿನವರು ಬೋರಿಸ್ ಜಾನ್ಸನ್ ಅಂತಲೇ ಹೆಚ್ಚಿನವರ ಲೆಕ್ಕ. ಆದರೆ ಜೂನ್ 30ರ ಬೆಳಿಗ್ಗೆ, ಒಕ್ಕೂಟ ಬಿಡೋಣ ಎಂದು ಅವರ ಜೊತೆಗೇ ಪ್ರಚಾರ ಮಾಡಿದ್ದ ಮೈಕಲ್ ಗೋವ್ ತಾನೇ ನಿಲ್ಲುತ್ತೇನೆ ಎಂದುಬಿಟ್ಟರು! ಕೆಲವೇ ಗಂಟೆಗಳಲ್ಲಿ ಜಾನ್ಸನ್ ಕಣ ಬಿಟ್ಟರು. ಗೆಳೆಯನಿಗೆ ಕೈಕೊಟ್ಟವರನ್ನು ಯಾರು ನಂಬುತ್ತಾರೆ, ಅಲ್ವಾ? ಹೊಸ ನಾಯಕರ ಆಯ್ಕೆಗೆ ಪಕ್ಷದ ಸಂಸದರು ವೋಟು ಹಾಕಿದ ಎರಡನೇ ಸುತ್ತಿನಲ್ಲಿ ಮೇಗೆ 199, ಆಂಡ್ರಿಯಾ ಲೆಡ್ಸಮ್‌ಗೆ 84, ಗೋವ್‌ಗೆ ಬರೀ 46 ವೋಟು. ಉಳಿದ ಇಬ್ಬರಲ್ಲಿ ಒಬ್ಬರನ್ನು ಸದಸ್ಯರು ಆರಿಸಬೇಕಿತ್ತು. ಅಷ್ಟರಲ್ಲಿ ತಾಯ್ತನದ ಬಗ್ಗೆ ಆಡಿದ ಮಾತಿನಿಂದ ಟೀಕೆಗೆ ಸಿಕ್ಕಿದ್ದ ಲೆಡ್ಸಮ್ ಜುಲೈ 11ರಂದು ಹಿಂದೆ ಸರಿದರು. 13ಕ್ಕೆ ಮೇ ಪ್ರಧಾನಿಯಾದರು. ಒಕ್ಕೂಟದಲ್ಲೇ ಇರೋಣ ಎಂದಿದ್ದವರ ಹೆಗಲಿಗೇ ಹೊರಬರುವ ಕೆಲಸ ಬಿತ್ತು.